ಒಂದು ಪತ್ರಕ್ಕೆ ಒಂದು ದೌತಿ

ನಾನು ಹುಟ್ಟಿನಿಂದಲೇ ಅನುಮಾನದ ಹೆಂಗಸು. ಹಾಲಿನವಳು ಹಾಲು ಹಾಕಿ ತಿರುಗುವ ಮೊದಲೇ ಒಂದು ಹನಿ ಉಗುರಿನ ಮೇಲೆ ಬಿಟ್ಟು ನೋಡುತ್ತೇನೆ. ಯಾರಾದರೂ ನನ್ನ ಸೀರೆ ಚೆನ್ನಾಗಿದೆ ಎಂದರೆ ಮನೆಗೆ ಬಂದು ಸೆರಗಿನಲ್ಲಿ ತೂತು ಹುಡುಕುತ್ತೇನೆ. ಈ ಗುಣಕ್ಕೆ ಎಷ್ಟು ಬೈಸಿಕೊಂಡಿದ್ದೇನೋ ಅಷ್ಟೇ ಅನ್ನವನ್ನೂ ತಿಂದಿದ್ದೇನೆ. ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ಶಾಯಿ ಕಾಸುವ ಕೆಲಸಕ್ಕೆ ಇಪ್ಪತ್ತಾರು ವರ್ಷದ ಹಿಂದೆ ನನ್ನನ್ನು ಆರಿಸಿದ್ದೇ ಇದಕ್ಕಾಗಿ. ಅಂದಿನ ಕುಲಸಚಿವರು ನನ್ನ ಮುಂದೆ ಎರಡು ಬಟ್ಟಲು ಅನ್ನಭೇದಿ, ಶಾಯಿಯನ್ನು ಕಪ್ಪಾಗಿಸುವ ಹಸಿರು ಉಪ್ಪು, ಇಟ್ಟು, ಇದರಲ್ಲಿ ಯಾವುದು ಚೊಕ್ಕ ಎಂದು ಕೇಳಿದರು. ಎರಡೂ ಕಲಬೆರಕೆ ಎಂದೆ. ನಾಳೆಯಿಂದ ಬಾ ಎಂದರು.

ಅಳಲೆಕಾಯಿ ಜಜ್ಜಿ ಮೂರು ದಿನ ನೆನೆಹಾಕಬೇಕು. ಆಮೇಲೆ ಕಾಸಿ, ಸೋಸಿ, ಅನ್ನಭೇದಿ ಬೆರೆಸಿ, ಜಾಲಿಯ ಅಂಟು ಹಾಕಿ ಆರಲು ಬಿಡಬೇಕು. ಆರಿದ ಶಾಯಿಯನ್ನು ಹೆಬ್ಬೆಟ್ಟಿನಷ್ಟು ದೊಡ್ಡ ಮಣ್ಣಿನ ದೌತಿಗಳಲ್ಲಿ ತುಂಬಿ ಬರೆಯುವ ಕೋಣೆಗೆ ಕೊಡುತ್ತಿದ್ದೆ. ಅಲ್ಲಿ ದಸ್ತಗೀರ ಮಾಸ್ತರರು ಒಂದೊಂದೇ ಪದವಿಪತ್ರ ಬರೆಯುತ್ತಿದ್ದರು. ಒಂದು ಪತ್ರಕ್ಕೆ ಒಂದು ದೌತಿ, ಇದು ನಮ್ಮಲ್ಲಿಯ ಕಟ್ಟಳೆ. ಒಬ್ಬರ ದೌತಿಯಲ್ಲಿ ಅದ್ದಿದ ಲೇಖನಿ ಇನ್ನೊಬ್ಬರ ಪತ್ರವನ್ನು ಮುಟ್ಟುವಂತಿಲ್ಲ. ಬರೆದು ಉಳಿದ ಶಾಯಿಯನ್ನು ಹಿತ್ತಲ ಬೇವಿನ ಬುಡಕ್ಕೆ ಸುರಿದು ದೌತಿ ಒಡೆದುಬಿಡುತ್ತಿದ್ದರು. ಹೆಸರು, ಮುದ್ರೆ ಎಲ್ಲ ಅಚ್ಚಿನವು. ಕಲಿತ ಐದು ವಿಷಯಗಳ ಐದು ಸಾಲು ಮಾತ್ರ ಮಾಸ್ತರರ ಕೈಬರಹ.

ನಮ್ಮೂರಲ್ಲಿ ಆ ಐದು ಸಾಲುಗಳು, ಕಲಿತದ್ದು ಕಲಿತವರ ಜೊತೆ ಇರುವಷ್ಟು ಕಾಲ ಇರುತ್ತವೆ. ಮರೆತಾಗ ಮಾಸುತ್ತವೆ. ಮಾಸಿದ ಸಾಲಿನಲ್ಲಿ ನಿಬ್ಬಿನ ಗೀರು ಮಾತ್ರ ಉಳಿದಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಹೋದ ಅಕ್ಷರ ಮರಳಿ ಬರುವುದೂ ಉಂಟು ಎಂದು ಹಳಬರು ಹೇಳುತ್ತಿದ್ದರು, ಕಂಡವರು ಯಾರೂ ಇರಲಿಲ್ಲ. ಹೆಣ್ಣು ನೋಡಲು ಬರುವವರಿದ್ದಾರೆ ಎಂದು ಹಳೆಯ ಪುಸ್ತಕ ತೆಗೆದು ವಾರವಿಡೀ ಉರು ಹೊಡೆದವರನ್ನು ನಾನೇ ನೋಡಿದ್ದೇನೆ. ಬಾಯಿಪಾಠಕ್ಕೆ ಅದು ಬಗ್ಗುವುದಿಲ್ಲ.

ಹೀಗಾಗಿ ಊರಿನ ಪ್ರತಿ ಪಡಸಾಲೆಯಲ್ಲೂ ಒಂದು ಪದವಿಪತ್ರ, ಅದರ ಮೇಲೊಂದು ಪರದೆ. ಕಸೂತಿ ಹಾಕಿದ್ದು, ಕನ್ನಡಿ ಹೊಲಿದದ್ದು, ಬಡವರದಾದರೆ ಹಳೆಯ ಇಳಕಲ್ಲ ಸೀರೆಯ ತುಂಡು. ವೈದ್ಯರಿಗೆ ಮಾತ್ರ ಪರದೆ ಇಲ್ಲ. ರೋಗಿಗಳು ಮೊದಲು ಗೋಡೆ ನೋಡಿ ಆಮೇಲೆ ನಾಲಿಗೆ ಚಾಚುತ್ತಾರೆ. ಉಳಿದವರ ಪರದೆಯನ್ನು ಬೀಗರ ಪೈಕಿ ಹಿರಿಯ ಹೆಂಗಸೊಬ್ಬಳು ಬಿಟ್ಟರೆ ಬೇರೆ ಯಾರೂ ಎತ್ತುವಂತಿಲ್ಲ. ಪಕ್ಕದ ಮನೆಯ ಪತ್ರ ಮಾಸಿದ್ದರೆ ಅವರಿಗೆ ಮರೆವು ಎನ್ನುತ್ತಿದ್ದರು. ತಮ್ಮದು ಮಾಸಿದರೆ ಮಾತ್ರ ಯಾರೂ ಏನೂ ಎನ್ನುತ್ತಿರಲಿಲ್ಲ.

ಆ ಬಾಯಿಗಳಿಗೆ ಮಾತು ಕೊಟ್ಟವನು ರಾಚಪ್ಪ ಬೆನ್ನೂರ. ನಗರಸಭೆಯ ಸದಸ್ಯ, ಒಂದು ವಾರಪತ್ರಿಕೆಯ ಸಂಪಾದಕ. ಯುಗಾದಿ ಕಳೆದ ಮೊದಲ ಸಂಚಿಕೆಯಲ್ಲೇ ಬರೆದ: "ಊರಿನ ಹತ್ತು ಮನೆಗಳಲ್ಲಿ ಒಂಬತ್ತು ಮನೆಯ ಪದವಿಪತ್ರ ಖಾಲಿ. ತಪ್ಪು ಕಲಿತವರದಲ್ಲ, ವಿಶ್ವವಿದ್ಯಾಲಯದ್ದು. ಶಾಯಿಗೆ ನೀರು ಬೆರೆಸುತ್ತಿದ್ದಾರೆ." ಮುಂದಿನ ವಾರ ಪಾಠಕ್ಕೂ ನೀರು ಬೆರೆಸುತ್ತಾರೆ ಎಂದ. ಅದರ ಮುಂದಿನ ವಾರ, ಇಂಥ ಜಾಗದಿಂದ ಬಂದವರಿಗೆ ಊರಿನಲ್ಲಿ ಕೆಲಸ ಯಾಕೆ ಕೊಡಬೇಕು ಎಂದ. ಕೊನೆಗೆ, ವಿಶ್ವವಿದ್ಯಾಲಯದ ಮುದ್ರೆಯನ್ನು ನಗರಸಭೆ ಒಪ್ಪಬಾರದು, ಶಾಯಿಮನೆಗೆ ಬೀಗ ಹಾಕಬೇಕು ಎಂದು ಗೊತ್ತುವಳಿಯನ್ನೇ ತಂದ. ವಿಚಾರಣೆಯ ದಿನವೂ ಗೊತ್ತಾಯಿತು, ಮುಂದಿನ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಕೊರತೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಗ್ರಂಥಾಲಯದ ಮಾಡು ಸೋರುತ್ತದೆ. ಭೂಗೋಳದ ಒಬ್ಬ ಮೇಷ್ಟ್ರು ಇಪ್ಪತ್ತು ವರ್ಷದ ಹಳೆಯ ಟಿಪ್ಪಣಿಯನ್ನೇ ಓದಿ, ಅದರಲ್ಲಿ ಕೆಮ್ಮು ಎಂದು ಬರೆದಿದ್ದಲ್ಲಿ ಕೆಮ್ಮುತ್ತಿದ್ದರು ಎಂದು ಹುಡುಗಿಯರು ನಗುತ್ತಾರೆ. ಆದರೆ ನನ್ನವ್ವ ಅದೇ ಅಂಗಳವನ್ನು ಗುಡಿಸುತ್ತಿದ್ದವಳು. ಅವಳ ಪೊರಕೆಯ ಹಿಂದೆ ನಡೆದುಬಂದ ನನ್ನನ್ನು, ಜಾತಿ ಕೇಳದೆ, ತಂದೆ ಯಾರೆಂದು ಕೇಳದೆ, ಬೆಂಚಿನ ಮೇಲೆ ಕೂರಿಸಿ ರಸಾಯನಶಾಸ್ತ್ರ ಹೇಳಿಕೊಟ್ಟ ಜಾಗ ಅದು. ಊರಿನಲ್ಲಿ ಬಾಗಿಲಿಗೆ ಕಾವಲುಗಾರನಿಲ್ಲದ ಕಟ್ಟಡ ಅದೊಂದೇ. ಯಾರು ಬೇಕಾದರೂ ಹಿಂದಿನ ಬೆಂಚಿಗೆ ಬಂದು ಕೂರಬಹುದು. ಅದನ್ನು ನೀರು ಬೆರೆಸುವ ಜಾಗ ಎಂದರೆ ನನ್ನವ್ವನನ್ನು ಬೈದ ಹಾಗೆ ನನಗೆ.

ಕುಲಸಚಿವ ಹೇಮಾಚಾರಿಯವರು ನನ್ನನ್ನು ಕರೆಸಿದರು. ಮೃದು ಮನುಷ್ಯ, ಮೇಜಿನ ಮೇಲಿನ ಕಾಗದ ನೇರ ಮಾಡುತ್ತಲೇ ಮಾತಾಡುವವರು. "ಅಂಬಕ್ಕ, ತಪ್ಪು ತಿಳೀಬ್ಯಾಡ್ರಿ. ಶಾಯಿ ಚೊಕ್ಕ ಐತಿ ಹೌದಲ್ರಿ?" ಎಂದರು.

"ಇಪ್ಪತ್ತಾರು ವರ್ಷದಾಗ ಇವತ್ತ ಮೊದಲನೇ ಸಲ ಕೇಳಾಕತ್ತೀರಿ ಸರ."

"ನಾ ಕೇಳ್ತಿಲ್ಲ. ಮಂದಿ ಕೇಳ್ತಾರ."

ಹೊರಗೆ ಬಂದಾಗ ನನ್ನೊಳಗೆ ಹುಳ ಹೊಕ್ಕಿತ್ತು. ನಾನಂತೂ ಬೆರೆಸಿಲ್ಲ. ಹಾಗಾದರೆ ಶಾಯಿ ನನ್ನ ಕೈ ದಾಟಿದ ಮೇಲೆ ಯಾರ ಕೈಗೆ ಹೋಗುತ್ತದೆ? ದಸ್ತಗೀರ ಮಾಸ್ತರರ ಕೈಗೆ. ಇಪ್ಪತ್ತು ವರ್ಷ ಒಂದೇ ಗೋಡೆಯ ಆಚೀಚೆ ಕೂತು, ರಂಜಾನಿನ ಸುರಕುಂಬಾ ಅವರ ಮನೆಯದು, ದೀಪಾವಳಿಯ ಕರಚಿಕಾಯಿ ನಮ್ಮ ಮನೆಯದು ಎಂದು ಬದುಕಿದವರು ನಾವು. ಆದರೂ ಮರುದಿನ ಪ್ರತಿ ದೌತಿಯ ಹೊರಗೆ ಶಾಯಿಯ ಮಟ್ಟಕ್ಕೆ ಸರಿಯಾಗಿ ಸುಣ್ಣದ ಗೆರೆ ಎಳೆದು ಕೊಟ್ಟೆ. ಮಧ್ಯಾಹ್ನ ಬಾಗಿಲ ಸಂದಿಯಿಂದ ಇಣುಕಿದೆ. ಮಾಸ್ತರರು ತಂಬಿಗೆ ಹಿಡಿದು ದೌತಿಗಳ ಮೇಲೆ ಬಗ್ಗಿದ್ದರು. ನುಗ್ಗಿ ಅವರ ಮಣಿಕಟ್ಟು ಹಿಡಿದೇಬಿಟ್ಟೆ.

ತಂಬಿಗೆಯಲ್ಲಿ ಅರ್ಧ ನೀರಿತ್ತು. ಅದನ್ನು ಅವರು ಕುಡಿಯಲು ಎತ್ತಿದ್ದರು. ದೌತಿಯ ಶಾಯಿ ಗೆರೆಗಿಂತ ಒಂದು ಕೂದಲೆಳೆಯೂ ಮೇಲಿರಲಿಲ್ಲ. ಮಾಸ್ತರರು ಸುಣ್ಣದ ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು.

"ಬೆಳಗ್ಗಿಂದ ನೋಡಾಕತ್ತೀನಿ, ಇದೇನು ಗೆರಿ ಅಂತ. ನನಗ ಅಂತ ಗೊತ್ತಾಗಲಿಲ್ಲ ಅಂಬಕ್ಕ," ಎಂದರು.

"ತಪ್ಪಾತು ಮಾಸ್ತರ."

"ರಾಚಪ್ಪ ಹೊರಗಿನಾಂವ, ಅಂವ ಬೈದರ ಬೈದುಕೊಳ್ಳಲಿ. ನೀವು ಒಳಗಿನಾಕಿ." ಅಷ್ಟು ಹೇಳಿ ನೀರು ಕುಡಿಯದೆ ತಂಬಿಗೆ ಕೆಳಗಿಟ್ಟರು. ಅಂದಿನಿಂದ ನಮ್ಮ ನಡುವೆ ಮಾತು ನಿಂತಿತು. ಅವರು ದೌತಿ ತೆಗೆದುಕೊಳ್ಳಲು ತಾವು ಬರುತ್ತಿರಲಿಲ್ಲ, ಹೊಸ್ತಿಲಲ್ಲಿ ಇಟ್ಟು ಹೋಗಬೇಕಿತ್ತು.

ಊರಿನಲ್ಲೂ ಇದೇ ಹಾಡು. ಪದವಿ ಪಡೆದವರು ಪದವಿ ಪಡೆದವರನ್ನು ನೋಡಿ ಮುಖ ತಿರುಗಿಸುತ್ತಿದ್ದರು. ಬಟ್ಟೆ ಅಂಗಡಿಯವರು ದಪ್ಪ ಪರದೆ ತರಿಸಿದರು. ಕಿರಾಣಿ ಅಂಗಡಿಯವನು ನನಗೆ ಬೆಲ್ಲ ತೂಗುವಾಗ, "ನಮ್ಮಲ್ಲಿ ಬೆರಕಿ ಇರೂದಿಲ್ರಿ ಅಂಬಕ್ಕ," ಎಂದು ಕಿಸಕ್ಕನೆ ನಕ್ಕ. ಶಾಯಿಮನೆಯ ಕಿಟಕಿಯ ಬಳಿ ಯಾರೋ ನಿಂತು ಒಳಗೆ ಇಣುಕಿ ಹೋಗುತ್ತಿದ್ದರು. ನಾನು ನೀರು ಕುಡಿಯಲೂ ಹೆದರುವಂತಾಯಿತು.

ಹೇಮಾಚಾರಿಯವರು ಒಂದು ಉಪಾಯ ಹೂಡಿದರು. ಐದೂ ಸಾಲು ಕಪ್ಪಗಿರುವ ಒಂದು ಹಳೆಯ ಪತ್ರ ಸಿಕ್ಕರೆ ಸಾಕು, ಸಭೆಯ ಮುಂದಿಟ್ಟು ಶಾಯಿ ಚೊಕ್ಕವೆಂದು ತೋರಿಸೋಣ ಎಂದರು. ಹುಡುಕಲು ನಾನೇ ಹೊರಟೆ. ಮೊದಲ ಮನೆಯಲ್ಲಿ ನಿವೃತ್ತ ಅಂಚೆ ಮಾಸ್ತರರು ನನ್ನನ್ನು ಕಂಡು ಪರದೆಗೆ ಬೆನ್ನು ಕೊಟ್ಟು ನಿಂತರು, ನಾನು ಹೋಗುವವರೆಗೂ ಕೂರಲಿಲ್ಲ. ಎರಡನೆಯ ಮನೆಯಲ್ಲಿ ಪತ್ರವನ್ನು ಗೆದ್ದಲು ತಿಂದಿತು ಎಂದರು. ಆದರೆ ಗೋಡೆಯ ಮೇಲೆ ಪರದೆ ತೂಗುತ್ತಲೇ ಇತ್ತು, ಅದರ ಹಿಂದಿನ ಚೌಕಟ್ಟು ಎದ್ದು ಕಾಣುತ್ತಿತ್ತು.

ಮೂರನೆಯವಳು ಬದನೆಕಾಯಿ ಮಾರುವ ಮಲ್ಲವ್ವ. ಸಸ್ಯಶಾಸ್ತ್ರ ಓದಿದವಳು, ಸಂತೆಯಲ್ಲಿ ಅವಳ ಕಾಯಿಗೆ ಹುಳ ಇರುವುದಿಲ್ಲ. ಅವಳು ನನ್ನನ್ನು ಒಳಗೆ ಕರೆದು, ಕಿಟಕಿ ಹಾಕಿ, ಪರದೆ ಎತ್ತಿದಳು. ಐದು ಸಾಲೂ ಹೊಸ ಬಾಣಲೆಯಷ್ಟು ಕಪ್ಪು. ನನ್ನ ಕಣ್ಣು ತುಂಬಿತು.

"ಸೋಮವಾರ ತಗೊಂಡು ಬಾರವ್ವ," ಎಂದೆ.

"ಬರೂದಿಲ್ಲಬೇ."

"ಯಾಕ?"

"ಬದನಿಕಾಯಿ ಮಾರಾಕಿ ಪತ್ರ ಹಿಂಗ ಕಪ್ಪಗಿದ್ರ ಯಾರು ನಂಬ್ತಾರ? ತಿದ್ದಿಸ್ಯಾಳ ಅಂತಾರ. ಅಂಬಕ್ಕನ ಕಡೆಯಿಂದನ ತಿದ್ದಿಸ್ಯಾಳ ಅಂತಾರ. ನನಗ ನಾಕು ಗಿರಾಕಿ ಅದಾವು, ಅವನ್ನೂ ಕಳಕೊಳ್ಳಲೇನು?" ಎಂದು ಪರದೆ ಇಳಿಸಿದಳು.

ತಿದ್ದಿಸುವ ಮಾತು ಕೇಳಿ ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಇಷ್ಟು ಹೊತ್ತು ಬಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ. ತಿದ್ದುವುದೆಂದರೆ ಮಾಸಿದ ಅಕ್ಷರದ ಗೀರಿನಲ್ಲಿ ದೀಪದ ಕಾಡಿಗೆಯಿಂದ ಮಾಡಿದ ಶಾಯಿ ತುಂಬುವುದು. ನೋಡಲು ಎರಡೂ ಒಂದೇ. ವಿಶ್ವವಿದ್ಯಾಲಯದ ಶಾಯಿ ನೀರಿಗೆ ಜಗ್ಗುವುದಿಲ್ಲ, ಕಾಡಿಗೆಯ ಶಾಯಿ ಒದ್ದೆ ಬಟ್ಟೆ ತಗುಲಿದರೆ ಬಿಟ್ಟುಹೋಗುತ್ತದೆ. ತಿದ್ದಿದವರು ವಿಶ್ವವಿದ್ಯಾಲಯದ ನೌಕರರಾಗಿದ್ದರೆ ಆ ದಿನವೇ ಮನೆಗೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಎಂಟು ವರ್ಷದ ಹಿಂದೆ, ಒಂದು ಮಧ್ಯಾಹ್ನ, ನಾನು ಎರಡು ಪತ್ರಗಳನ್ನು ತಿದ್ದಿದ್ದೆ.

ಮೊದಲನೆಯದು ರಾಚಪ್ಪನದು. ಅವನ ಹೆಂಡತಿ ಶಿವಗಂಗಾ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ನನಗೆ ಗಂಗಿ. ಹಿರಿಮಗಳನ್ನು ನೋಡಲು ಬರುವವರಿದ್ದರು. ಗಂಗಿ ಗಂಡನ ಪತ್ರವನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಬಂದಳು. ಬಿಚ್ಚಿದರೆ ಐದಕ್ಕೆ ಐದೂ ಸಾಲು ಬಿಳಿ. "ನನ್ನ ಮಗಳ ಮಾರಿ ನೋಡ ಅಂಬಿ," ಎಂದು ಅತ್ತಳು. ಅವಳ ಅಳು ನನಗೆ ತಡೆಯಲಾಗಲಿಲ್ಲ. ಕಾಡಿಗೆ ಹಿಡಿದು, ಅಂಟು ಬೆರೆಸಿ ಐದೂ ಸಾಲು ತಿದ್ದಿಕೊಟ್ಟೆ. ಯಾರಿಗೂ ಹೇಳುವುದಿಲ್ಲ ಎಂದು ಅವಳ ಕೈಮೇಲೆ ಕೈಯಿಟ್ಟೆ.

ಎರಡನೆಯದು ನನ್ನದು. ಗಂಗಿ ಹೋದ ಮೇಲೆ ಬಟ್ಟಲಿನಲ್ಲಿ ಶಾಯಿ ಉಳಿದಿತ್ತು. ಪಡಸಾಲೆಗೆ ಬಂದು ನನ್ನ ಪರದೆ ಎತ್ತಿದೆ. ಮೋಡ ಕವಿದಿತ್ತು, ಅಕ್ಷರ ತೆಳ್ಳಗಾದಂತೆ ಕಂಡವು. ಮಾಸಿದ್ದೋ, ಬೆಳಕು ಕಡಿಮೆಯೋ? ನಾಳೆ ಬಿಸಿಲಿನಲ್ಲಿ ನೋಡಿದರಾಯಿತು ಎನ್ನುವಷ್ಟು ತಾಳ್ಮೆ ನನಗಿರಲಿಲ್ಲ. ತಿಳಿಯುವ ಮೊದಲೇ ಐದೂ ಸಾಲಿನ ಮೇಲೆ ಲೇಖನಿ ಆಡಿಸಿಬಿಟ್ಟೆ. ಅಂದಿನಿಂದ ನನ್ನ ಕಾಡಿಗೆಯ ಕೆಳಗೆ ಏನಿದೆಯೋ ನನಗೇ ಗೊತ್ತಿಲ್ಲ. ಊರಿನವರ ಹಾಲು, ಬೆಲ್ಲ ಎಲ್ಲವನ್ನೂ ಪರೀಕ್ಷೆ ಮಾಡಿದ ನಾನು ಎಂಟು ವರ್ಷ ಆ ಪರದೆಯನ್ನು ಮಾತ್ರ ಮುಟ್ಟಿರಲಿಲ್ಲ.

ರಾಚಪ್ಪ ವಿಶ್ವವಿದ್ಯಾಲಯದ ಮೇಲೆ ಯಾಕೆ ಬಿದ್ದ ಎಂಬುದೂ ನನಗೆ ಈಗ ಹೊಳೆಯಿತು. ಇಂದಲ್ಲ ನಾಳೆ ಅವನ ಪತ್ರಕ್ಕೆ ನೀರು ತಗುಲಿ ಬಣ್ಣ ಬಯಲಾದರೆ? ಆಗ ಶಾಯಿಯದೇ ತಪ್ಪೆಂದು ಊರು ಮೊದಲೇ ನಂಬಿರಬೇಕು. ಮನುಷ್ಯ ಎಂಟು ವರ್ಷ ಹೆದರಿ ಹೆದರಿ, ಕೊನೆಗೆ ಆ ಹೆದರಿಕೆಯನ್ನು ಇಡೀ ಊರಿಗೆ ಹಂಚಿದ್ದ.

ಭಾನುವಾರ ಬೆಳಿಗ್ಗೆ ಗಂಗಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದಳು. ನನ್ನನ್ನು ಕಂಡು ಮುಖ ಬಾಡಿತು.

"ನಿನ್ನ ಗಂಡಗ ಹೇಳ ಗಂಗಿ. ಗೊತ್ತುವಳಿ ಹಿಂದ ತಗೊಳ್ಳಲಿ."

"ನನ್ನ ಮಾತು ಎಂದ ಕೇಳ್ಯಾರ ಅವರು?"

"ನಿನ್ನ ಸಣ್ಣ ಮಗಳು ಅಲ್ಲೇ ಓದಾಕತ್ತಾಳಲ್ಲ. ಇದು ಕಡೀ ವರ್ಷ. ಮುದ್ರಿ ಹೋದ್ರ ಅಕಿ ಪತ್ರಕ್ಕ ಏನು ಕಿಮ್ಮತ್ತು?"

ಗಂಗಿ ಶ್ಯಾವಿಗೆಯ ಎಳೆ ಬಿಡಿಸುತ್ತಲೇ ಇದ್ದಳು. "ಅಕಿನ್ನ ಬ್ಯಾರೆ ಊರಿಗೆ ಕಳಸ್ತೀನಿ ಅಂತಾರ. ಅಕಿ ಒಲ್ಲೆ ಅಂತ ಎರಡು ದಿನದಿಂದ ಉಂಡಿಲ್ಲ," ಎಂದಳು. ಆಮೇಲೆ ತಲೆ ಎತ್ತಿ, "ನೀ ನನಗ ಮಾತು ಕೊಟ್ಟೀದಿ ಅಂಬಿ. ನಾಳೆ ಸಭಾದಾಗ ನನ್ನ ಗಂಡನ ಮರ್ಯಾದಿ ತಗೀಬ್ಯಾಡ," ಎಂದಳು.

"ತಗಿಯೂದಿಲ್ಲ," ಎಂದೆ. ಮನೆಗೆ ನಡೆಯುವಾಗ, ಹಾಗಾದರೆ ನಾಳೆ ನನ್ನ ಕೈಯಲ್ಲಿ ಏನು ಉಳಿಯಿತು ಎಂದು ಲೆಕ್ಕ ಹಾಕಿದೆ. ಏನೂ ಉಳಿದಿರಲಿಲ್ಲ. ನನ್ನ ಪರದೆಯೊಂದಿತ್ತು.

ಸೋಮವಾರ ನಗರಸಭೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿದ್ಯಾರ್ಥಿಗಳು ಕಿಟಕಿಗಳಿಗೆ ಜೋತುಬಿದ್ದಿದ್ದರು. ಅಧ್ಯಕ್ಷೆ ಕಾಶೀಬಾಯಿ ನಡುವೆ ಕೂತಿದ್ದರು, ಗಟ್ಟಿ ಹೆಂಗಸು, ಮೂಗಿನ ಮೇಲೆ ಕನ್ನಡಕ. ಹೆಂಗಸರ ಸಾಲಿನಲ್ಲಿ ಗಂಗಿ ಇದ್ದಳು. ರಾಚಪ್ಪ ತನ್ನ ಪತ್ರವನ್ನು ಗಾಜಿನ ಚೌಕಟ್ಟಿನಿಂದ ತೆಗೆದು ಮೇಜಿನ ಮೇಲೆ ಹರಡಿಟ್ಟಿದ್ದ. ಐದು ಸಾಲೂ ಕಪ್ಪು. ನಾನು ತಿದ್ದಿದ ಒಂದೊಂದು ಕೊಂಬೂ ನನ್ನನ್ನು ನೋಡುತ್ತಿತ್ತು.

"ಇದು ಹಳೇ ಕಾಲದ ಶಾಯಿ," ಎಂದು ಬೆರಳಿಟ್ಟು ತೋರಿಸಿದ. "ಆವಾಗ ಪ್ರಾಮಾಣಿಕ ಮಂದಿ ಇದ್ದರು. ಈಗಿನವರ ಪತ್ರ ಯಾಕ ಖಾಲಿ? ನೀವ ಹೇಳ್ರಿ."

ಹೇಮಾಚಾರಿಯವರು ಎದ್ದು ಹೊಸ ಶಾಯಿಯ ದೌತಿ ಮುಂದಿಟ್ಟರು. ತೋರಿಸಲಿಕ್ಕೆಂದು ಮಾಡಿದ್ದು ಎಂದ ರಾಚಪ್ಪ. ಕಪ್ಪಗಿರುವ ಪತ್ರಗಳೂ ಊರಿನಲ್ಲಿವೆ ಎಂದರು. ಅವು ತಿದ್ದಿಸಿದವು ಎಂದ. ಮಾಸಿದರೆ ನೀರು, ಕಪ್ಪಗಿದ್ದರೆ ತಿದ್ದಿದ್ದು. ಹೇಮಾಚಾರಿಯವರು ಮೇಜಿನ ಕಾಗದ ನೇರ ಮಾಡುತ್ತಾ ನಿಂತುಬಿಟ್ಟರು. ಹಿಂದಿನಿಂದ ಯಾರೋ, "ಬೀಗ ಹಾಕ್ರಿ!" ಎಂದು ಕೂಗಿದರು. ಕಿಟಕಿಯಲ್ಲಿದ್ದ ಹುಡುಗಿಯೊಬ್ಬಳು ಅಳತೊಡಗಿದಳು.

ನಾನು ಎದ್ದೆ. ಕಂಕುಳಲ್ಲಿ ನನ್ನ ಪತ್ರ, ಇಳಕಲ್ಲ ಸೀರೆಯ ತುಂಡಿನ ಸಮೇತ.

"ಬಾಯಾರ, ಒಂದು ಬಟ್ಟಲ ನೀರು ಕೊಡಸ್ರಿ," ಎಂದೆ ಕಾಶೀಬಾಯಿಗೆ.

"ಕುಡಿಯಾಕೇನು?"

"ಇಲ್ರಿ, ಒರಸಾಕ."

ಸಭೆಯಲ್ಲಿ ಗುಸುಗುಸು ಎದ್ದಿತು. ರಾಚಪ್ಪ ಎರಡೂ ಅಂಗೈಯನ್ನು ತನ್ನ ಪತ್ರದ ಮೇಲಿಟ್ಟ. ಗಂಗಿಯ ಕಡೆ ನಾನು ನೋಡಲಿಲ್ಲ. ನನ್ನ ಪತ್ರವನ್ನು ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಐದು ಸಾಲು, ಐದೂ ಕಪ್ಪು.

"ಇದನ್ನ ನಾನ ತಿದ್ದೀನಿ," ಎಂದೆ. "ಎಂಟು ವರ್ಷ ಆತು. ಕಾಡಿಗಿ ಶಾಯಿಲೇ. ನೀರು ಹತ್ತಿದ್ರ ಕಾಡಿಗಿ ಹೋಗ್ತೈತಿ, ವಿಶ್ವವಿದ್ಯಾಲಯದ ಶಾಯಿ ಹೋಗೂದಿಲ್ಲ. ಒಳಗ ಏನೈತಿ ನನಗೂ ಗೊತ್ತಿಲ್ಲ. ಎಲ್ಲಾ ಹೋಗಿದ್ರ, ನನ್ನ ಮರವು ಅಂತ ತಿಳೀರಿ. ನನಗ ಕಲಿಸಿದವರಿಗೆ ಬೈಬ್ಯಾಡ್ರಿ."

ಹೇಮಾಚಾರಿಯವರು, "ಅಂಬಕ್ಕ!" ಎಂದರು. ಅವರಿಗೆ ನಿಯಮ ಗೊತ್ತಿತ್ತು. ನನಗೂ ಗೊತ್ತಿತ್ತು. ಅಷ್ಟರಲ್ಲಿ ಜವಾನ ತಂದಿಟ್ಟ ನೀರಿನ ಬಟ್ಟಲಲ್ಲಿ ಸೆರಗಿನ ತುದಿ ಅದ್ದಿ ಮೊದಲ ಸಾಲಿನ ಮೇಲೆ ಎಳೆದೆ.

ಕಪ್ಪು ಸೆರಗಿಗೆ ಬಂತು. ಕೆಳಗೆ ಬಿಳಿ. ಅಲ್ಲಿ ಇಂಗ್ಲಿಷ್ ಎಂದು ಇತ್ತು. ಯಾರೋ ಫಕ್ಕನೆ ನಕ್ಕರು. ಎರಡನೆಯ ಸಾಲು ಗಣಿತ, ಅದೂ ಬಿಳಿ. ನಗು ದೊಡ್ಡದಾಯಿತು. ಮೂರನೆಯದು ರಸಾಯನಶಾಸ್ತ್ರ. ಒರಸಿದೆ, ಕಾಡಿಗೆ ಹೋಯಿತು, ಅಕ್ಷರ ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ಒರಸಿದೆ. ಕಾಗದ ಸವೆದೀತು ಎನ್ನುವಷ್ಟು ಒರಸಿದೆ. ನಿನ್ನೆ ಬರೆದಂತೆ ಕಪ್ಪಗೆ ಅಲ್ಲೇ ಕೂತಿತ್ತು. ನಾಲ್ಕನೆಯ ಸಾಲು ಕನ್ನಡ, ಉಳಿದಿತ್ತು. ಐದನೆಯ ಭೂಗೋಳ ಹೋಗಿತ್ತು.

"ನೋಡಿದ್ರಲ್ಲ!" ರಾಚಪ್ಪ ಮೇಜು ಬಡಿದ. "ಶಾಯಿ ಮಾಡಾಕಿನ ತಿದ್ದ್ಯಾಳ. ಅಕಿ ಪತ್ರದಾಗ ಮೂರು ಸಾಲು ಖಾಲಿ. ಇನ್ನೇನು ಸಾಕ್ಷಿ ಬೇಕು?"

ನಾನು ಉಳಿದ ಎರಡು ಸಾಲನ್ನು ನೋಡುತ್ತಾ ನಿಂತಿದ್ದೆ, ಅಷ್ಟೇ. ಆಗ ಸಭೆಯ ಮೂಲೆಯಿಂದ ದಸ್ತಗೀರ ಮಾಸ್ತರರು ಎದ್ದರು. ಅವರು ಬಂದದ್ದೇ ನನಗೆ ಗೊತ್ತಿರಲಿಲ್ಲ. ಮೆಲ್ಲಗೆ ನಡೆದು ಬಂದು, ಕನ್ನಡಕ ಏರಿಸಿ ನನ್ನ ಪತ್ರವನ್ನು ಬೆಳಕಿಗೆ ಹಿಡಿದರು.

"ಒಂದು ಪತ್ರಕ್ಕ ಒಂದ ದೌತಿ," ಎಂದರು.

"ಏನಂದ್ರಿ ಮಾಸ್ತರ?" ಕಾಶೀಬಾಯಿ ಮುಂದೆ ಬಾಗಿದರು.

"ಇದನ್ನ ಬರದಾವ ನಮ್ಮಪ್ಪ. ಒಂದ ದೌತಿ, ಒಂದ ಲೇಖನಿ, ಒಂದ ಸಲ ಕುಂತು ಬರದದ್ದು. ನೀರು ಬೆರಸಿದ ಶಾಯಿ ಆಗಿದ್ರ ಐದೂ ಸಾಲು ಹೋಗಬೇಕಿತ್ತು. ಎರಡು ಯಾಕ ಉಳದಾವು? ಶಾಯಿಗೆ ರಸಾಯನಶಾಸ್ತ್ರ ಯಾವುದು, ಗಣಿತ ಯಾವುದು ಗೊತ್ತಾಗ್ತೈತೇನ್ರಿ? ಈ ಅಕ್ಕಾಗ ದಿನಾ ಕಾಸೂದು ನೆನಪೈತಿ, ಅದು ಉಳದೈತಿ. ಗುಣಾಕಾರ ಮರತಾಳ, ಅದು ಹೋಗೇತಿ. ಇದರಾಗ ನಮ್ಮ ಶಾಯಿದು ಏನು ತಪ್ಪು?"

ನನಗೆ ಆಗ ಹೊಳೆಯಿತು. ನಾನು ಮನೆಮನೆ ತಿರುಗಿ ಪೂರ್ತಿ ಕಪ್ಪಗಿರುವ ಪತ್ರ ಹುಡುಕಿದ್ದೆ. ಬೇಕಾದದ್ದು ಅರ್ಧ ಮಾಸಿದ ಪತ್ರ. ಅದು ಪ್ರತಿ ಮನೆಯ ಪರದೆಯ ಹಿಂದೆ ಇತ್ತು, ಆದರೆ ಅರ್ಧ ಎನ್ನುವ ಮಾತನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಕಾಶೀಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು. "ನಂದೂ ಹಂಗ ಐತಿ," ಎಂದರು. "ಇತಿಹಾಸ ಐತಿ, ತರ್ಕಶಾಸ್ತ್ರ ಹೋಗೇತಿ." ನಗರಸಭೆಯ ಅಧ್ಯಕ್ಷೆಯ ಬಾಯಿಂದ ಈ ಮಾತು ಬಂದದ್ದೇ ತಡ, ಅಂಚೆ ಮಾಸ್ತರರು ಎದ್ದು ತಮ್ಮದರಲ್ಲಿ ಭೂಗೋಳ ಒಂದೇ ಉಳಿದಿದೆ ಎಂದರು. ಇನ್ನೊಬ್ಬರು ಕನ್ನಡ ಎಂದರು, ಮತ್ತೊಬ್ಬರು ಅರ್ಥಶಾಸ್ತ್ರ ಬಿಟ್ಟು ಎಲ್ಲ ಎಂದರು. ಮಲ್ಲವ್ವ ಬಾಗಿಲಲ್ಲೇ ನಿಂತು, "ನನ್ನವು ಐದೂ ಅದಾವು, ಬೇಕಾದ್ರ ನೀರಾಗ ಅದ್ದಿ ನೋಡ್ರಿ!" ಎಂದು ಬುಟ್ಟಿಯ ತಳದಿಂದ ಪತ್ರ ತೆಗೆದೇಬಿಟ್ಟಳು. ಬರುವುದಿಲ್ಲ ಎಂದವಳು ಬಂದಿದ್ದಳು. ಕಾಶೀಬಾಯಿ ತಾವೇ ಬೆರಳು ಅದ್ದಿ ಒರೆಸಿದರು. ಒಂದು ಚುಕ್ಕೆಯೂ ಅಲುಗಲಿಲ್ಲ.

ಆಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಮೇಜಿನ ಮೇಲೆ ಇನ್ನೊಂದು ಪತ್ರ ಇತ್ತು, ಐದೂ ಸಾಲು ಕಪ್ಪಗಿದ್ದದ್ದು. ಅದರ ಮೇಲೆ ಎರಡು ಅಂಗೈಗಳಿದ್ದವು. ನಾನು ತುಟಿ ಬಿಗಿಹಿಡಿದೆ. ಯಾರೂ ಏನೂ ಕೇಳಲಿಲ್ಲ. ಕೇಳುವುದು ಸಭ್ಯತೆಯಲ್ಲ, ಪರದೆಯ ಊರು ನಮ್ಮದು.

ಹೆಂಗಸರ ಸಾಲಿನಿಂದ ಗಂಗಿ ಎದ್ದಳು. ನೇರ ಮೇಜಿನ ಬಳಿ ಬಂದು, ನನ್ನ ಮುಂದಿದ್ದ ನೀರಿನ ಬಟ್ಟಲನ್ನು ಎತ್ತಿ ಗಂಡನ ಮುಂದೆ ಇಟ್ಟಳು. ತುಳುಕದ ಹಾಗೆ ನಿಧಾನ ಇಟ್ಟಳು. ಆಮೇಲೆ ಕಿಟಕಿಯ ಕಡೆ ನಡೆದು, ಅಲ್ಲಿ ಮುಖ ಮುಚ್ಚಿ ಅಳುತ್ತಿದ್ದ ಹುಡುಗಿಯ ತಲೆ ನೇವರಿಸಿದಳು. ಆ ಹುಡುಗಿ ಅವಳ ಸಣ್ಣ ಮಗಳೆಂದು ನನಗೆ ಆಗಲೇ ತಿಳಿದದ್ದು.

ರಾಚಪ್ಪ ಬಟ್ಟಲನ್ನು ನೋಡಿದ. ನೀರಿನಲ್ಲಿ ನನ್ನ ಸೆರಗಿನ ಕಪ್ಪು ಇನ್ನೂ ತೇಲುತ್ತಿತ್ತು. ಕೊನೆಗೆ ಪತ್ರವನ್ನು ಸುರುಳಿ ಸುತ್ತಿ ಶಲ್ಯದ ಒಳಗೆ ಸೇರಿಸಿ, "ಗೊತ್ತುವಳಿ ಹಿಂದ ತಗೊಂಡೀನಿ," ಎಂದ. ದನಿ ಅವನದಲ್ಲ ಎನಿಸಿತು. ವಿದ್ಯಾರ್ಥಿಗಳು ಕಿಟಕಿಯಿಂದ ಕೂಗಿದ ಕೂಗಿಗೆ ಪಾರಿವಾಳಗಳು ಹಾರಿಹೋದವು.

ನನ್ನ ಕೆಲಸ ಹೋಯಿತು. ಹೇಮಾಚಾರಿಯವರು ಕಣ್ಣೀರು ಹಾಕಿಕೊಂಡೇ ಕಾಗದಕ್ಕೆ ರುಜು ಮಾಡಿದರು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು, ಎರಡು ದಿನ ಒಲೆ ಹಚ್ಚಲಿಲ್ಲ. ಆದರೆ ತಿದ್ದಿದವಳನ್ನು ಇಟ್ಟುಕೊಂಡರೆ ಅದು ಎಂಥ ವಿಶ್ವವಿದ್ಯಾಲಯ? ಈಗ ಶಾಯಿ ಕಾಸುವವಳು ದಸ್ತಗೀರ ಮಾಸ್ತರರ ಸೊಸೆ. ಅವಳ ಅನ್ನಭೇದಿಯ ಮೇಲೂ ನನಗೆ ಸ್ವಲ್ಪ ಅನುಮಾನ ಇದೆ, ಬಾಯಿಬಿಟ್ಟಿಲ್ಲ. ಊರಿನಲ್ಲಿ ಕೆಲವರು ಪರದೆ ತೆಗೆದಿದ್ದಾರೆ. ಬಹಳ ಜನ ತೆಗೆದಿಲ್ಲ. ರಾಚಪ್ಪನ ಪತ್ರಿಕೆ ಈಗ ಚರಂಡಿಗಳ ಬಗ್ಗೆ ಬರೆಯುತ್ತದೆ.

ನನ್ನ ಪತ್ರಕ್ಕೆ ಪರದೆ ಇಲ್ಲ. ಎರಡು ಸಾಲು ಕಪ್ಪು, ಮೂರು ಬಿಳಿ, ಬಂದವರು ನೋಡಲಿ. ಹೊತ್ತು ಹೋಗದೆ ಒಂದು ದಿನ ಗಣಿತದ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಯಾರೂ ಯಾಕೆ ಎನ್ನಲಿಲ್ಲ. ಮರುದಿನವೂ ಹೋದೆ. ಗಂಗಿಯ ಮಗಳು ಊರಿನಲ್ಲೇ ಉಳಿದಿದ್ದಾಳೆ. ಅವಳು ಪಕ್ಕದಲ್ಲಿ ಕೂತು, "ಹಂಗಲ್ಲ ಅಂಬಕ್ಕ, ಹಿಂಗ," ಎಂದು ನನ್ನ ಪಾಟಿ ತಿದ್ದುತ್ತಾಳೆ. ಹೀಗೇ ಏಳು ತಿಂಗಳು ಕಳೆದವು.

ಮೊನ್ನೆ ದಸ್ತಗೀರ ಮಾಸ್ತರರು ಮನೆಗೆ ಬಂದಿದ್ದರು. ಸಭೆಯ ದಿನದ ಮೇಲೂ ನಮ್ಮ ನಡುವೆ ಮಾತು ಪೂರ್ತಿ ಕೂಡಿರಲಿಲ್ಲ, ಅಂದು ಕೂಡಿತು. ನಾನು ಒಳಗೆ ಚಹಾ ಕಾಸುವಾಗ ಅವರು ಪಡಸಾಲೆಯಲ್ಲಿ ಒಬ್ಬರೇ ಇದ್ದರು. ಇಂದು ಬೆಳಿಗ್ಗೆ ಗೋಡೆ ಒರೆಸಲು ಹೋದರೆ ಎರಡನೆಯ ಸಾಲಿನಲ್ಲಿ, ಗಣಿತವಿದ್ದ ಜಾಗದಲ್ಲಿ, ಒಂದು ಅಕ್ಷರ ಕಂಡಿತು. ತೆಳುವಾಗಿ, ಹೊಗೆಯ ಬಣ್ಣದಲ್ಲಿ. ನನಗೆ ತಕ್ಷಣ ಕೋಪ ಬಂತು. ಮಾಸ್ತರರು ಕನಿಕರಪಟ್ಟು ತಿದ್ದಿಹೋಗಿದ್ದಾರೆ, ಇನ್ನೇನು! ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ ಆ ಅಕ್ಷರದ ಮೇಲೆ ತಿಕ್ಕಿದೆ. ಇನ್ನೊಮ್ಮೆ ಒದ್ದೆ ಮಾಡಿ ಜೋರಾಗಿ ತಿಕ್ಕಿದೆ. ಆಮೇಲೆ ಬಾಗಿಲ ಬಿಸಿಲಿಗೆ ಬಂದು ಬೆರಳನ್ನು ತಿರುಗಿಸಿ ನೋಡಿದೆ. ಬೆರಳಿಗೆ ಏನೂ ಹತ್ತಿರಲಿಲ್ಲ.